ಬಿಸಿಲ ರಜೆ, ಮಗುವಿನ ಮೈತುರಿಕೆ

ಬೇಸಿಗೆ ರಜೆಯಲ್ಲಿ ಮಕ್ಕಳ ಮೈಮೇಲೆ ಏಳುವ ತುರಿಕೆಯ ಗುಳ್ಳೆಗಳಿಗೆಲ್ಲ ಕಲಬುರಗಿ ಸೀಮೆಯಲ್ಲಿ ಒಂದೇ ಮಾತು: ಬಿಸಿಲಿಗೆ ಎದ್ದದ್ದು. ಏಪ್ರಿಲ್ ಎರಡನೇ ವಾರದಲ್ಲಿ ಮುಚ್ಚಿದ ಶಾಲೆ ಮೇ ಕೊನೆಗೆ ತೆರೆಯುತ್ತದೆ. ಅಷ್ಟರಲ್ಲಿ ಉಷ್ಣಾಂಶ 42-43 ಡಿಗ್ರಿ ಮುಟ್ಟುವುದು ಇಲ್ಲಿ ಸುದ್ದಿಯೇ ಅಲ್ಲ. ಸರ್ಕಾರಿ ಕಚೇರಿಗಳು ಕೂಡ ಆ ಎರಡು ತಿಂಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಕೆಲಸ ಮುಗಿಸುತ್ತವೆ. ಹೀಗಾಗಿ ತಪ್ಪನ್ನೆಲ್ಲ ಬಿಸಿಲಿನ ಮೇಲೆ ಹಾಕುವುದು ಸುಲಭ. ಆದರೆ ಆ ಒಂದು ಮಾತಿನ ಕೆಳಗೆ ಆರೇಳು ಬೇರೆ ಬೇರೆ ತೊಂದರೆಗಳಿರುತ್ತವೆ. ಒಂದಕ್ಕೆ ತಂಪು ಮಾಡಿದರೆ ಸಾಕು, ಇನ್ನೊಂದಕ್ಕೆ ಮನೆಮಂದಿಯೆಲ್ಲ ಮುಲಾಮು ಹಚ್ಚಿಕೊಳ್ಳಬೇಕು, ಮತ್ತೊಂದಕ್ಕೆ 108 ಆಂಬುಲೆನ್ಸಿಗೆ ಕರೆ ಮಾಡಬೇಕು. ಚಿಂಚೋಳಿ ತಾಲ್ಲೂಕಿನ ಕುಂಚಾವರಂ ಕಾಡಂಚಿನ ತಾಂಡಾಗಳಲ್ಲಿ ಮನೆಮನೆ ತಿರುಗುವ ಆಶಾ ಕಾರ್ಯಕರ್ತೆಗೂ ಮಕ್ಕಳ ವೈದ್ಯೆಗೂ ನಡೆದ ಈ ಮಾತುಕತೆ ಆ ಭೇದಗಳನ್ನು ಕುರಿತದ್ದು.

ಕಾರ್ಯಕರ್ತೆ: ರಜಾ ಬಂತಂದ್ರ ಹುಡ್ರು ದಿನಾ ಮೈ ಕೆರಕೋತ ಬರ್ತಾವ್ರಿ ಮೇಡಂ. ತಾಯಂದ್ರು ಅಂಗಿ ಎತ್ತಿ ತೋರಸ್ತಾರ. ನೋಡಿದ್ರ ಎಲ್ಲಾ ಕೆಂಪಗೇ ಕಾಣ್ತದ. ಮೊದಲ ಏನ್ ನೋಡಬೇಕ್ರಿ?

ವೈದ್ಯೆ: ಗುಳ್ಳೆ ಹೇಗಿದೆ ಎನ್ನುವುದಕ್ಕಿಂತ ಎಲ್ಲಿದೆ ಎನ್ನುವುದೇ ಹೆಚ್ಚು ಹೇಳುತ್ತದೆ ಅಕ್ಕಾರ. ಬಟ್ಟೆಯ ಒಳಗೆ, ಮುಚ್ಚಿದ ಜಾಗದಲ್ಲೇ ಎದ್ದಿದ್ದರೆ ಅದು ಬಹುತೇಕ ಬೆವರಿನದು. ಬಟ್ಟೆಯ ಹೊರಗಿರುವ ಮುಂಗೈ, ಕತ್ತು, ಕಾಲಿನ ಮೇಲಿದ್ದರೆ ಬಿಸಿಲು, ಗಿಡ, ಸೊಳ್ಳೆ ಇವುಗಳ ಮೇಲೆ ಅನುಮಾನ. ಬೆರಳ ಸಂದು, ಮಣಿಕಟ್ಟು, ಹೊಕ್ಕಳ ಸುತ್ತ ಇದ್ದರೆ ಕಜ್ಜಿ. ಇದು ಪಕ್ಕಾ ಲೆಕ್ಕವಲ್ಲ, ಆದರೆ ದಾರಿ ತೋರಿಸುತ್ತದೆ. ಆಮೇಲೆ ತುರಿಕೆ ಹಗಲು ಹೆಚ್ಚೋ ರಾತ್ರಿ ಹೆಚ್ಚೋ, ಮನೆಯಲ್ಲಿ ಇನ್ನು ಯಾರು ಕೆರೆದುಕೊಳ್ಳುತ್ತಿದ್ದಾರೆ ಎಂದು ಕೇಳಿದರೆ ಅರ್ಧ ಕೆಲಸ ಮುಗಿಯಿತು.

ಕಾರ್ಯಕರ್ತೆ: ಭಾಳ ಮಂದಿ ಬರೂದು ಬೆವರುಸಾಲಿಗೇ ರಿ. ಕುತ್ತಿಗಿ, ಬೆನ್ನು, ಬಗಲು ತುಂಬ ಸಾಸಿವಿ ಚೆಲ್ಲಿದಂಗ.

ವೈದ್ಯೆ: ಬೆವರಿನ ಗ್ರಂಥಿಯಿಂದ ಚರ್ಮದ ಮೇಲ್ಮೈವರೆಗೆ ಒಂದು ಸಣ್ಣ ನಾಳವಿದೆ. ನೆನೆದು ಉಬ್ಬಿದ ಮೇಲ್ಪದರದ ಜೀವಕೋಶಗಳೂ ಚರ್ಮದ ಮೇಲೇ ಬದುಕುವ ಬ್ಯಾಕ್ಟೀರಿಯಾಗಳು ಬಿಡುವ ಅಂಟೂ ಸೇರಿ ಆ ನಾಳದ ಬಾಯಿ ಮುಚ್ಚುತ್ತದೆ. ಹೊರಬರಲಾಗದ ಬೆವರು ಚರ್ಮದೊಳಗೇ ಸೋರುತ್ತದೆ. ತೀರಾ ಮೇಲ್ಪದರದಲ್ಲಿ ಸೋರಿದರೆ ನೀರಿನ ಹನಿಯಂಥ ತಿಳಿ ಗುಳ್ಳೆ. ಅದಕ್ಕೆ ತುರಿಕೆಯಿಲ್ಲ, ಮುಟ್ಟಿದರೆ ಒಡೆಯುತ್ತದೆ. ಇನ್ನಷ್ಟು ಒಳಗೆ ಸೋರಿದರೆ ಕೆಂಪು ಗುಳ್ಳೆ, ಸೂಜಿ ಚುಚ್ಚಿದಂಥ ತುರಿಕೆ. ಹಸುಗೂಸುಗಳ ಬೆವರುನಾಳ ಇನ್ನೂ ಬಲಿತಿರುವುದಿಲ್ಲ, ಅವಕ್ಕೆ ಬೇಗ ಏಳುವುದು ಅದಕ್ಕೇ.

ಕಾರ್ಯಕರ್ತೆ: ನಮ್ಮ ಕಡಿ ಬಿಸಲು ಒಣ ಬಿಸಲು ಅಲ್ರೀ? ಬೆವರು ಅಲ್ಲೇ ಆರತದ. ಹಂಗಾದ್ರ ಬೆವರುಸಾಲಿ ಯಾಕ ಏಳತದ?

ವೈದ್ಯೆ: ಪ್ರಶ್ನೆ ಸರಿಯಾದದ್ದು. ಮಂಗಳೂರಿನ ಮಗುವಿಗೆ ಗಾಳಿಯ ತೇವವೇ ಸಾಕು. ಕಲಬುರಗಿಯ ಮಗುವಿಗೆ ಮನೆಯವರು ತಿಳಿಯದೆ ಆ ತೇವವನ್ನು ಮಾಡಿಕೊಡುತ್ತಾರೆ. ಒಂದು ವರ್ಷದ ಕೂಸಿನ ಬಟ್ಟೆ ಬಿಚ್ಚಿ ನೋಡಿದರೆ ಗೊತ್ತಾಗುತ್ತದೆ: ತಲೆಗೆ ಕುಂಚಿಗೆ ಅಥವಾ ಟೊಪ್ಪಿಗೆ, ಮೈಗೆ ಮದುವೆಗೆಂದು ತಂದ ಪಾಲಿಯೆಸ್ಟರ್ ಫ್ರಾಕು, ಅದರೊಳಗೆ ಗೀಚುವ ನೆಟ್ಟಿನ ಪದರ, ಸೊಂಟದಲ್ಲಿ ನೆಂದು ಬಿಗಿದ ಉಡದಾರ. ಗುಳ್ಳೆಗಳು ಆ ಉಡದಾರದ ಗೆರೆ ಹಿಡಿದೇ ಸಾಲಾಗಿ ಎದ್ದಿರುತ್ತವೆ. ಉಡದಾರ ತೆಗೆಯಲು ಮನಸ್ಸಾಗದಿದ್ದರೆ ಸಡಿಲ ಮಾಡಿ, ದಿನಾ ಒಣ ದಾರ ಕಟ್ಟಿದರೂ ಆದೀತು. ಬೇಸಿಗೆಯಲ್ಲೇ ಮದುವೆಗಳು ಹೆಚ್ಚು, ಚಂದದ ಬಟ್ಟೆಯನ್ನು ಬೇಡವೆನ್ನುವುದು ಕಷ್ಟ. ಫೋಟೊ ಆದ ಮೇಲೆ ಹಳೆಯ ಹತ್ತಿ ಅಂಗಿ ಹಾಕಬಹುದಲ್ಲ.

ಇನ್ನೊಂದು ಕಾರಣ ಕೂಲರ್. ನೀರು ಆವಿಯಾಗುವಾಗ ಗಾಳಿ ತಂಪಾಗುತ್ತದೆ, ಆದರೆ ಆ ಗಾಳಿ ನೀರನ್ನೂ ಹೊತ್ತು ತರುತ್ತದೆ. ಎದುರಿನ ಕಿಟಕಿ ತೆರೆದಿದ್ದರೆ ತೇವ ಹೊರಗೆ ಹೋಗುತ್ತದೆ. ತಂಪು ಹೋಗುತ್ತದೆಂದು ಬಾಗಿಲು ಕಿಟಕಿ ಹಾಕಿ ಕೂಲರ್ ಹಚ್ಚಿದರೆ ಒಂದು ಗಂಟೆಯಲ್ಲಿ ಕೋಣೆ ಕರಾವಳಿಯ ಕೋಣೆಯಾಗುತ್ತದೆ. ಹಾಸಿಗೆ ಜಿಗುಟು, ಮಗುವಿನ ಬೆನ್ನು ಜಿಗುಟು. ಕೂಲರ್ ಇದ್ದರೂ ಬೆವರುಸಾಲೆ ಹೋಗಲಿಲ್ಲ ಎನ್ನುವವರ ಮನೆಯಲ್ಲಿ ಮೊದಲು ಕಿಟಕಿ ನೋಡಬೇಕು.

ಕಾರ್ಯಕರ್ತೆ: ಫರಸಿ ಹಾಸಿದ ಮಾಳಿಗಿ ಮನಿ ರಾತ್ರಿ ಹನ್ನೆರಡಾದ್ರೂ ಕಾದಿರತದ. ಅದಕ್ಕ ಹೊರಗ ಅಂಗಳದಾಗ ಮಲಗಸ್ತಾರ.

ವೈದ್ಯೆ: ಕಲ್ಲು ಹಗಲಿಡೀ ಕುಡಿದ ಕಾವನ್ನು ರಾತ್ರಿ ಬಿಡುತ್ತದೆ. ಹೊರಗೆ ಮಲಗಿಸುವುದು ಬೆವರುಸಾಲೆಗೆ ಒಳ್ಳೆಯದೇ. ಆದರೆ ಒಳಗಿನ ಗುಳ್ಳೆ ತಪ್ಪಿಸಲು ಹೊರಗೆ ಬಂದ ಮಗುವಿಗೆ ಬೆಳಗಾಗುವಷ್ಟರಲ್ಲಿ ಇನ್ನೊಂದು ಬಗೆಯ ಗುಳ್ಳೆ ಎದ್ದಿರುತ್ತದೆ. ಸೊಳ್ಳೆ, ಆಡು ನಾಯಿಗಳ ಮೇಲಿನ ಚಿಗಟ, ನುಸಿ ಕಚ್ಚಿದ ಜಾಗದಲ್ಲಿ ಗಟ್ಟಿ ಗುಳ್ಳೆ, ನಡುವೆ ಚುಕ್ಕಿ, ಎರಡು ಮೂರು ಒಟ್ಟೊಟ್ಟಿಗೆ. ಎರಡರಿಂದ ಹತ್ತು ವರ್ಷದ ಮಕ್ಕಳಲ್ಲಿ ಇದು ತೀರಾ ಸಾಮಾನ್ಯ. ಅವರ ಮೈ ಕೀಟದ ಎಂಜಲಿಗೆ ಇನ್ನೂ ಒಗ್ಗಿರುವುದಿಲ್ಲ. ಹೊಸದೊಂದು ಕಚ್ಚಿದರೆ ವಾರದ ಹಿಂದಿನ ಹಳೆಯ ಗುಳ್ಳೆಯೂ ಮತ್ತೆ ತುರಿಸತೊಡಗುತ್ತದೆ. ‘ಒಂದೇ ಮಂಚದ ಮೇಲೆ ಮಲಗಿದ ದೊಡ್ಡವರಿಗೆ ಏನೂ ಆಗಿಲ್ಲ, ಹಾಗಾಗಿ ಸೊಳ್ಳೆ ಅಲ್ಲ’ ಎಂಬ ವಾದ ಅದಕ್ಕೇ ನಿಲ್ಲುವುದಿಲ್ಲ. ಹೊರಗೆ ಮಲಗಿಸುವುದಾದರೆ ಮಚ್ಚರದಾನಿ ಕಟ್ಟಿಯೇ ಮಲಗಿಸಬೇಕು.

ಕಾರ್ಯಕರ್ತೆ: ಬೆವರುಸಾಲಿಗೆ ಏನ್ ಹಚ್ಚಬೇಕ್ರಿ? ಒಬ್ಬರು ಕೊಬ್ರಿ ಎಣ್ಣಿ ಅಂತಾರ, ಒಬ್ಬರು ಪೌಡರ್ ಅಂತಾರ.

ವೈದ್ಯೆ: ಬೆವರುಸಾಲೆಗೆ ಹಚ್ಚುವುದಕ್ಕಿಂತ ಬಿಚ್ಚುವುದೇ ಮದ್ದು. ಬಟ್ಟೆ ತೆಗೆದು, ನೆರಳಿಗೆ ತಂದು, ಗಡಿಗೆಯ ನೀರಲ್ಲಿ ಅದ್ದಿದ ಅರಿವೆಯನ್ನು ಹತ್ತು ನಿಮಿಷ ಮೈಮೇಲಿಟ್ಟು, ಉಜ್ಜದೆ ಒತ್ತಿ ಒರೆಸಿ, ಗಾಳಿಗೆ ಬಿಟ್ಟರೆ ಎರಡು ಮೂರು ದಿನಕ್ಕೆ ಇಳಿಯುತ್ತದೆ. ಎಣ್ಣೆ ಮುಚ್ಚಿದ ಬಾಯಿಗೆ ಮತ್ತೊಂದು ಮುಚ್ಚಳ. ಪೌಡರ್ ಬೆವರಿನಲ್ಲಿ ಕಲಸಿ ಕೊರಳ ಮಡಿಕೆಯಲ್ಲಿ ಹಿಟ್ಟಿನ ಬತ್ತಿಯಾಗುತ್ತದೆ. ಕೂಸಿನ ಉಸಿರಿಗೆ ಹೋದರೆ ಇನ್ನೂ ಕೆಟ್ಟದ್ದು. ತುರಿಕೆ ಜೋರಾಗಿದ್ದರೆ ಕ್ಯಾಲಮೈನ್ ಲೋಷನ್ ತೆಳುವಾಗಿ ಹಚ್ಚಬಹುದು. ಐಸ್ ತುಂಡನ್ನು ನೇರವಾಗಿ ಇಡಬಾರದು. ಉಗುರು ಕತ್ತರಿಸುವುದು ಮಾತ್ರ ಮರೆಯಬಾರದು. ಕೆರೆದ ಗಾಯಕ್ಕೆ ಉಗುರಿನ ಕೊಳೆ ಸೇರಿ ಕೀವು ತುಂಬಿ, ಜೇನಿನ ಬಣ್ಣದ ಹಕ್ಕಳೆ ಕಟ್ಟಿದರೆ ಆಮೇಲೆ ತಂಪಿನಿಂದ ಆಗುವುದಿಲ್ಲ, ದವಾಖಾನೆಯ ಔಷಧವೇ ಬೇಕು.

ಕಾರ್ಯಕರ್ತೆ: ದಿನಕ್ಕ ಮೂರು ಸಲ ಸಾಬಾಣ ಹಚ್ಚಿ ತೊಳಿತಾರ್ರಿ. ಸೇಡಂದಾಗ ಸೂಟಿಗೆ ಅಜ್ಜಿ ಮನಿಗೆ ಹೋದ ಹುಡ್ರು ಮೈ ಬಿರಕ ಬಿಟ್ಟು ವಾಪಸ್ ಬರ್ತಾವ.

ವೈದ್ಯೆ: ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ನಿಂತಿರುವುದೇ ಸುಣ್ಣದಕಲ್ಲಿನ ಮೇಲೆ. ಅಲ್ಲಿನ ಸಿಮೆಂಟ್ ಕಾರ್ಖಾನೆಗಳೂ ಊರೂರ ನೆಲದ ಶಹಾಬಾದ ಕಲ್ಲೂ ಅದರದೇ ಫಲ. ಆ ನೆಲದ ಬೋರ್‌ವೆಲ್ ನೀರು ಗಡಸು. ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಬೂನಿನ ಜೊತೆ ಸೇರಿ ನೊರೆ ಬರುವ ಬದಲು ಬಿಳಿ ಗಸಿ ಕಟ್ಟುತ್ತದೆ. ಬಕೆಟ್ಟಿನ ಅಂಚಿಗೆ ಕಾಣುವ ಆ ಬಿಳಿ ಗೆರೆ ಮಗುವಿನ ಚರ್ಮದ ಮೇಲೂ ಉಳಿಯುತ್ತದೆ. ನೊರೆ ಬರಲಿಲ್ಲವೆಂದು ಇನ್ನಷ್ಟು ಸಾಬೂನು ತಿಕ್ಕಿದರೆ ಇನ್ನಷ್ಟು ಗಸಿ, ಚರ್ಮದ ಎಣ್ಣೆಯಂಶವೂ ಹೋಯಿತು. ಅಂಥ ಮಗುವಿನದು ಬೆವರುಸಾಲೆಯಲ್ಲ, ಒಣಚರ್ಮದ ತುರಿಕೆ: ಮೊಣಕೈ ಮಡಿಕೆ, ಮೊಣಕಾಲ ಹಿಂದೆ ಒರಟು ತೇಪೆ. ಎರಡು ಸಲ ಸ್ನಾನವಾಗಲಿ, ಸಾಬೂನು ಬಗಲು ತೊಡೆಸಂದುಗಳಿಗೆ ಒಮ್ಮೆ ಸಾಕು. ಇಲ್ಲಿ ಸ್ನಾನದ ನಂತರ ಒದ್ದೆ ಮೈಗೇ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್ ಹಚ್ಚಬೇಕು. ಬೆವರುಸಾಲೆಗೆ ಬೇಡವಾದ ಎಣ್ಣೆ ಒಣಚರ್ಮಕ್ಕೆ ಔಷಧ. ಎರಡರ ನಡುವೆ ಭೇದ ಮಾಡದೆ ಎಣ್ಣೆ ಒಳ್ಳೆಯದೋ ಕೆಟ್ಟದ್ದೋ ಎಂದು ಜಗಳವಾಡಿದರೆ ಇಬ್ಬರೂ ಅರ್ಧರ್ಧ ಸರಿ.

ಕಾರ್ಯಕರ್ತೆ: ಬಿಸಲಿಗೇ ಏಳೂದು ಅಂತ ಒಂದು ಇಲ್ಲೇನ್ರಿ ಹಂಗಾದ್ರ?

ವೈದ್ಯೆ: ಇದೆ. ಬೆವರುಸಾಲೆ ಬಿಸಿಲಿನ ಕಾವಿನಿಂದ, ಇದು ಬಿಸಿಲಿನ ಬೆಳಕಿನಿಂದ. ಕೆಲವು ಮಕ್ಕಳ ಚರ್ಮ ನೇರಳಾತೀತ ಕಿರಣಕ್ಕೆ ತಿರುಗಿ ಬೀಳುತ್ತದೆ. ಬಿಸಿಲಲ್ಲಿ ಆಡಿದ ಕೆಲವು ಗಂಟೆಯ ಮೇಲೆ, ಒಮ್ಮೊಮ್ಮೆ ಮರುದಿನ, ಮುಂಗೈ ಮತ್ತು ಕತ್ತಿನ ಹಿಂಭಾಗದಲ್ಲಿ ಗುಂಡುಸೂಜಿ ತಲೆಯಷ್ಟು ಗುಳ್ಳೆಗಳೆದ್ದು ತುರಿಸುತ್ತವೆ. ಅಂಗಿಯ ತೋಳು ಮುಗಿಯುವಲ್ಲಿಗೆ ಗೆರೆ ಎಳೆದಂತೆ ನಿಲ್ಲುತ್ತದೆ. ಬೆಳಿಗ್ಗೆ ಹತ್ತರಿಂದ ನಾಲ್ಕರವರೆಗೆ ನೆರಳು, ಉದ್ದ ತೋಳಿನ ತೆಳು ಹತ್ತಿ ಅಂಗಿ, ಅಗಲ ಅಂಚಿನ ಟೊಪ್ಪಿಗೆ ಇಷ್ಟೇ ಅದಕ್ಕೆ ತಡೆ. ಕೊಳ್ಳುವ ಶಕ್ತಿಯಿದ್ದರೆ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್, ಎರಡು ಗಂಟೆಗೊಮ್ಮೆ. ಆರು ತಿಂಗಳೊಳಗಿನ ಕೂಸಿಗೆ ನೆರಳು ಮತ್ತು ಬಟ್ಟೆಯೇ ಸಾಕು.

ಇದರ ಪಕ್ಕದಲ್ಲೇ ಒಂದು ವಿಚಿತ್ರವಿದೆ. ತುರಿಕೆಗೆಂದು ನಿಂಬೆಹಣ್ಣು ತಿಕ್ಕಿ, ಇಲ್ಲವೆ ಶರಬತ್ತಿಗೆ ನಿಂಬೆ ಹಿಂಡಿ ಕೈ ತೊಳೆಯದೆ ಬಿಸಿಲಿಗೆ ಹೋದರೆ, ನಿಂಬೆ ಸಿಪ್ಪೆಯ ರಸದಲ್ಲಿರುವ ಫ್ಯೂರೊಕೌಮರಿನ್ ಎಂಬ ವಸ್ತು ಬೆಳಕಿನ ಜೊತೆ ಸೇರಿ ಚರ್ಮವನ್ನು ಸುಡುತ್ತದೆ. ಒಂದೆರಡು ದಿನಕ್ಕೆ ಬೊಬ್ಬೆ, ಆಮೇಲೆ ತಿಂಗಳುಗಟ್ಟಲೆ ಕಪ್ಪು ಗೆರೆ. ನಿಂಬೆ ಹಿಂಡಿದ ಕೈಯಲ್ಲಿ ತಾಯಿ ಮಗುವನ್ನು ಎತ್ತಿಕೊಂಡಿದ್ದರೆ ಐದು ಬೆರಳಿನ ಗುರುತೇ ಮೂಡಿ, ಯಾರೋ ಹೊಡೆದರೆಂಬ ಅನುಮಾನಕ್ಕೂ ಎಡೆಯಾಗುತ್ತದೆ.

ಕಾರ್ಯಕರ್ತೆ: ನಮ್ಮ ಹುಡ್ರು ಸೂಟ್ಯಾಗ ಕಾಡಿಗೇ ಹೋಗ್ತಾವ. ಚಂದ್ರಂಪಳ್ಳಿ ಕಡಿ ಹೋಗಿ ಬಂದು ಕುಣಕೋತ ಕೆರಕೋತಾವ.

ವೈದ್ಯೆ: 2011ರಲ್ಲಿ ಚಿಂಚೋಳಿ ವನ್ಯಜೀವಿ ಧಾಮವೆಂದು ಘೋಷಣೆಯಾದ ಕಾಡದು, ಕಲಬುರಗಿ ಜಿಲ್ಲೆಯಲ್ಲಿ ರಜೆಗೆ ನೆರಳು ಹುಡುಕಿ ಹೋಗುವವರಿಗೆ ಅದೇ ಗತಿ, ಚಂದ್ರಂಪಳ್ಳಿಯ ನೀರಿನ ದಂಡೆಯಂತೂ ಕೈಬೀಸಿ ಕರೆಯುತ್ತದೆ. ಕಾಡಿಂದ ಬಂದ ಕೂಡಲೇ, ನಿಮಿಷಗಳಲ್ಲೇ ಹುಚ್ಚು ಹಿಡಿದಂತೆ ಕೆರೆದರೆ ನಸುಗುನ್ನಿ ಕಾಯಿಯ ಮೇಲೆ ಅನುಮಾನ. ಒಣಗಿದ ಕಾಯಿಯ ಮೇಲಿನ ಹೊಂಬಣ್ಣದ ರೋಮ ಚರ್ಮಕ್ಕೆ ನಾಟಿ ಮ್ಯುಕುನೈನ್ ಎಂಬ ಕಿಣ್ವವನ್ನು ಬಿಡುತ್ತದೆ. ಉಜ್ಜಿದಷ್ಟೂ ರೋಮ ಒಳಗಿಳಿಯುತ್ತದೆ, ಕೈಯಿಂದ ಕಣ್ಣಿಗೆ ಹೋಗುತ್ತದೆ. ಅಂಟುಪಟ್ಟಿ ಒತ್ತಿ ಎತ್ತಬೇಕು, ಅದಿಲ್ಲದಿದ್ದರೆ ನಾದಿದ ಹಿಟ್ಟಿನ ಉಂಡೆಯನ್ನು ಒತ್ತಿ ಒತ್ತಿ ತೆಗೆಯಬೇಕು. ಆಮೇಲೆ ಧಾರಾಳ ತಣ್ಣೀರು. ಬಟ್ಟೆಯನ್ನೂ ಬೇರೆಯಾಗಿ ಒಗೆಯಬೇಕು, ಇಲ್ಲವಾದರೆ ಒಗೆದವರೂ ಕುಣಿಯಬೇಕಾದೀತು.

ಅದೇ ಒಂದೆರಡು ದಿನ ಬಿಟ್ಟು ನೀರುಗುಳ್ಳೆ ಎದ್ದು, ಕಪ್ಪು ಕಲೆ ಬಿದ್ದು, ಉರಿ ತುರಿ ಎರಡೂ ಇದ್ದರೆ ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಗೇರುಬೀಜ ನೆನಪಾಗಬೇಕು. ದಖ್ಖನಿನ ಕುರುಚಲು ಕಾಡಿನ ಮರ ಅದು. ತಿನ್ನುವ ಗೋಡಂಬಿಯ ಗೇರು ಬೇರೆ, ಇದು ಬೇರೆ. ಇದರ ಸಿಪ್ಪೆಯ ಎಣ್ಣೆ ಕೆಲವರಿಗೆ ದೊಡ್ಡ ಗಾಯವನ್ನೇ ಮಾಡುತ್ತದೆ, ಅಂಥವರು ದವಾಖಾನೆಗೇ ಬರಬೇಕು. ಕಾಂಗ್ರೆಸ್ ಕಸದ ಅಲರ್ಜಿಯೂ ಇದೆ. ಅದು ಹೊಲದಲ್ಲಿ ವರ್ಷಗಟ್ಟಲೆ ದುಡಿದ ದೊಡ್ಡವರ ಮುಖ ಕತ್ತಿಗೇ ಹೆಚ್ಚು.

ಕಾರ್ಯಕರ್ತೆ: ಪಿತ್ತಗಂಧಿ ಎದ್ರ ಕಂಬಳಿ ಹೊಚ್ಚಿ ಮಲಗಸ್ತಾರಲ್ರಿ, ಅದು?

ವೈದ್ಯೆ: ಪಿತ್ತಗಂಧೆ ಒಂದು ಕಡೆ ದದ್ದಾಗಿ ಎದ್ದು, ಅಲ್ಲಿ ಮಾಯವಾಗಿ, ಇನ್ನೊಂದು ಕಡೆ ಏಳುತ್ತದೆ. ಒಂದು ದದ್ದು ಒಂದೇ ಜಾಗದಲ್ಲಿ ಇಪ್ಪತ್ತನಾಲ್ಕು ಗಂಟೆ ನಿಲ್ಲುವುದು ಅಪರೂಪ. ತಾನಾಗಿಯೇ ಹೋಗುವ ರೋಗಕ್ಕೆ ಏನು ಮಾಡಿದರೂ ಗುಣವಾಯಿತೆನಿಸುತ್ತದೆ, ಕಂಬಳಿಗೆ ಹೆಸರು ಬಂದದ್ದು ಹಾಗೆ. ಉಣ್ಣೆ ಗೀಚುತ್ತದೆ, ಕಾವು ದದ್ದನ್ನು ಹೆಚ್ಚಿಸುತ್ತದೆ. ಮೇ ತಿಂಗಳಲ್ಲಂತೂ ಅದು ಶಿಕ್ಷೆ. ಬೇಕಾದದ್ದು ತಂಪು, ಮತ್ತು ವೈದ್ಯರು ತೂಕ ನೋಡಿ ಬರೆದ ಸೆಟಿರಿಝಿನ್‌ನಂಥ ಔಷಧ. ಹಿಂದಿನ ದಿನ ಹೊಸದಾಗಿ ಏನು ತಿಂದಿತು, ಯಾವ ಮಾತ್ರೆ ನುಂಗಿತು, ಜ್ವರ ನೆಗಡಿ ಇತ್ತೇ ಎಂದು ಕೇಳಬೇಕು. ತುಟಿ, ಕಣ್ಣಿನ ರೆಪ್ಪೆ ಊದಿ, ದನಿ ಒಡೆದು, ಉಸಿರು ಸಿಳ್ಳೆ ಹಾಕಿದರೆ, ಮೈಮೇಲೆ ದದ್ದೆದ್ದ ಮಗು ವಾಂತಿ ಮಾಡಿ ಸೋತು ಬಿದ್ದರೆ ಸಿರಪ್ ಹುಡುಕುತ್ತ ಕೂರಬಾರದು. 2008ರಿಂದ ಕರ್ನಾಟಕದಲ್ಲಿ ಓಡುತ್ತಿರುವ 108 ಇರುವುದೇ ಅಂಥ ಹೊತ್ತಿಗೆ.

ಕಾರ್ಯಕರ್ತೆ: ಒಂದು ಮನ್ಯಾಗ ಎಲ್ಲಾರೂ ರಾತ್ರಿ ಕೆರಕೋತ ಕೂಡತಾರ. ಬಿಸಲಿಗೆ ಅಂತ ಎರಡು ತಿಂಗಳಾತು.

ವೈದ್ಯೆ: ಎಲ್ಲರೂ, ರಾತ್ರಿ ಎಂಬ ಎರಡೇ ಮಾತು ಸಾಕು, ಅದು ಕಜ್ಜಿ. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಚರ್ಮದೊಳಗೆ ಸುರಂಗ ಕೊರೆದು ಮೊಟ್ಟೆಯಿಡುತ್ತದೆ. ಮೊದಲ ಸಲ ಅಂಟಿದಾಗ ತುರಿಕೆ ಶುರುವಾಗಲು ನಾಲ್ಕರಿಂದ ಆರು ವಾರ ಬೇಕು. ಶಿವರಾತ್ರಿಯ ಹೊತ್ತಿಗೆ ಅಂಟಿದ್ದು ರಜೆಯಲ್ಲಿ ಕಾಣಿಸಿಕೊಂಡು ಬಿಸಿಲಿನ ಹೆಸರು ಪಡೆಯುವುದು ಹೀಗೆ. ಬೆರಳ ಸಂದು, ಮಣಿಕಟ್ಟು, ಬಗಲು, ಹೊಕ್ಕಳು. ಹಸುಗೂಸಿಗಾದರೆ ಅಂಗೈ ಅಂಗಾಲು, ತಲೆಯಲ್ಲೂ.

ಶೇ 5ರ ಪರ್ಮೆಥ್ರಿನ್ ಮುಲಾಮನ್ನು ಕತ್ತಿನಿಂದ, ಹಸುಗೂಸಿಗಾದರೆ ತಲೆಯಿಂದಲೇ, ಕಾಲಬೆರಳ ತುದಿಯವರೆಗೆ ರಾತ್ರಿ ಹಚ್ಚಿ, ಎಂಟರಿಂದ ಹದಿನಾಲ್ಕು ಗಂಟೆ ಬಿಟ್ಟು ತೊಳೆಯಬೇಕು. ವಾರದ ನಂತರ ಇನ್ನೊಮ್ಮೆ. ಎರಡು ತಿಂಗಳೊಳಗಿನ ಕೂಸಿಗೂ ಗರ್ಭಿಣಿಗೂ ವೈದ್ಯರನ್ನು ಕೇಳದೆ ಹಚ್ಚಬಾರದು. ಎಲ್ಲಕ್ಕಿಂತ ಮುಖ್ಯವಾದದ್ದು, ತುರಿಕೆಯಿಲ್ಲದವರೂ ಸೇರಿ ಮನೆಮಂದಿಯೆಲ್ಲ ಅದೇ ರಾತ್ರಿ ಹಚ್ಚಿಕೊಳ್ಳುವುದು. ಮಗುವಿಗೆ ಮಾತ್ರ ಹಚ್ಚಿ ಅಜ್ಜಿಯ ಮಗ್ಗುಲಲ್ಲಿ ಮಲಗಿಸಿದರೆ ಹದಿನೈದು ದಿನಕ್ಕೆ ಮತ್ತೆ ಅದೇ ಕಥೆ. ಹಾಸಿಗೆ ಬಟ್ಟೆಯನ್ನು ಬಿಸಿನೀರಲ್ಲಿ ಒಗೆಯಬೇಕು. ಒಗೆಯಲಾಗದ ಕೌದಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಮೂರು ದಿನ ಮಾಳಿಗೆಯ ಮೇಲಿಟ್ಟರಾಯಿತು. 50 ಡಿಗ್ರಿ ಕಾವಿನಲ್ಲಿ ಈ ನುಸಿ ಹತ್ತು ನಿಮಿಷ ಬದುಕಲಾರದು, ಈ ಕೆಲಸವನ್ನು ನಮ್ಮ ಬಿಸಿಲು ಪುಕ್ಕಟೆ ಮಾಡಿಕೊಡುತ್ತದೆ. ನುಸಿ ಸತ್ತ ಮೇಲೂ ಎರಡರಿಂದ ನಾಲ್ಕು ವಾರ ತುರಿಕೆ ಉಳಿಯುತ್ತದೆ. ಔಷಧ ಹತ್ತಲಿಲ್ಲವೆಂದು ದಿನಾ ಹಚ್ಚಿದರೆ ಔಷಧವೇ ಚರ್ಮವನ್ನು ಕೆರಳಿಸುತ್ತದೆ.

ಕಾರ್ಯಕರ್ತೆ: ಮಂದಿ ಅಷ್ಟು ದಿನ ತಡಕೋಳೂದಿಲ್ರಿ. ಅಂಗಡ್ಯಾಗ ಒಂದು ಟ್ಯೂಬ್ ತರ್ತಾರ, ಎರಡು ದಿನಕ್ಕ ತಂಪ ಆಗತದ. ಗಡಿಯಾಚಿ ತಾಂಡೂರ, ಜಹೀರಾಬಾದದಿಂದ ತಂದವೂ ಇರತಾವ.

ವೈದ್ಯೆ: ಈ ಇಡೀ ವಿಷಯದಲ್ಲಿ ಅತಿ ಹೆಚ್ಚು ಕೇಡು ಮಾಡುವುದು ಆ ಟ್ಯೂಬೇ. ಸ್ಟೀರಾಯ್ಡ್, ಶಿಲೀಂಧ್ರದ ಔಷಧ, ಆಂಟಿಬಯೋಟಿಕ್ ಮೂರನ್ನೂ ಕಲಸಿದ ಮುಲಾಮು ಅದು. ಸ್ಟೀರಾಯ್ಡ್ ತುರಿಕೆಯನ್ನು ಅಡಗಿಸುತ್ತದೆ, ರೋಗವನ್ನು ಅಲ್ಲ. ಹುಳುಕಡ್ಡಿಯಿದ್ದರೆ ಅದು ಉಂಗುರದ ಆಕಾರವನ್ನೇ ಕಳೆದುಕೊಂಡು ಹರಡುತ್ತದೆ, ಆಮೇಲೆ ವೈದ್ಯರಿಗೂ ಗುರುತು ಸಿಗುವುದಿಲ್ಲ. ಕಜ್ಜಿಯ ನುಸಿ ಹಾಯಾಗಿ ಬೆಳೆಯುತ್ತದೆ. ಮಗುವಿನ ಮುಖ, ತೊಡೆಸಂದಿಗೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ಕಾಗದದಷ್ಟು ತೆಳುವಾಗುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಸ್ಟೀರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು. ಎಂದರೆ ಚೀಟಿ ಇಲ್ಲದೆ ಮಾರುವಂತಿಲ್ಲ. ಕಾನೂನು ಅಂಗಡಿಯ ಗಲ್ಲದವರೆಗೆ ಇನ್ನೂ ಪೂರ್ತಿ ಬಂದಿಲ್ಲ. ಟ್ಯೂಬನ್ನು ಮನೆಯವರು ಬಿಸಾಡಿದ್ದರೂ ಅದರ ಹೆಸರು ಕೇಳಿಕೊಂಡು ಬರಬೇಕು ಅಕ್ಕಾರ, ಅದು ಗೊತ್ತಾಗದೆ ಗುಳ್ಳೆಯನ್ನು ಓದಲು ಬರುವುದಿಲ್ಲ.

ಕಾರ್ಯಕರ್ತೆ: ಜ್ವರ ಇದ್ರ?

ವೈದ್ಯೆ: ಜ್ವರದ ಜೊತೆ ಬಂದ ಗುಳ್ಳೆ ಬಿಸಿಲಿನದಲ್ಲ ಎಂದೇ ಹಿಡಿಯಬೇಕು. ಕಣ್ಣು ಕೆಂಪಾಗಿ, ಮೂಗು ಸೋರಿ, ಕೆಮ್ಮಿ, ಕಿವಿಯ ಹಿಂದಿನಿಂದ ಕೆಂಪು ಇಳಿದು ಬಂದರೆ ಗೊಬ್ಬರ, ಎಂದರೆ ದಡಾರ. ಒಂಬತ್ತು ತಿಂಗಳಿಗೂ ಒಂದೂವರೆ ವರ್ಷದ ಸುಮಾರಿಗೂ ಹಾಕುವ ಎಂಆರ್ (ದಡಾರ-ರುಬೆಲ್ಲಾ) ಲಸಿಕೆ ಅದಕ್ಕೇ. 2017ರ ಫೆಬ್ರುವರಿಯಲ್ಲಿ ದೇಶದ ಮೊದಲ ಹಂತದ ಎಂಆರ್ ಅಭಿಯಾನ ನಡೆದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಕೆಲಸ ಹುಡುಕಿ ಊರು ಬಿಟ್ಟು ಹೋದ ಮನೆಗಳ ಮಕ್ಕಳ ಕಾರ್ಡನ್ನು ರಜೆಗೆ ಮರಳಿದಾಗ ನೋಡುವುದು ಒಳ್ಳೆಯದು. ಹೊಟ್ಟೆ ಬೆನ್ನಿನ ಮೇಲೆ ಕೆಂಪು ಚುಕ್ಕಿ, ನೀರುಗುಳ್ಳೆ, ಹಕ್ಕಳೆ ಮೂರೂ ಒಟ್ಟಿಗೇ ಕಂಡರೆ ಅಮ್ಮ ಬಂದದ್ದು, ಸೀತಾಳೆ ಸಿಡುಬು. ಬೇವಿನ ಸೊಪ್ಪಿನ ಮೇಲೆ ಮಲಗಿಸಲಿ, ಸ್ನಾನ ಮಾತ್ರ ನಿಲ್ಲಿಸುವುದು ಬೇಡ, ಆಸ್ಪಿರಿನ್ ಕೊಡಬಾರದು. ಗಾಜಿನ ಲೋಟದ ತಳವನ್ನು ಕಲೆಯ ಮೇಲೆ ಒತ್ತಿ ನೋಡಿದಾಗ ಕೆಂಪು ಅಳಿಯದೆ ಹಾಗೇ ಉಳಿದರೆ ಅದು ಚರ್ಮದೊಳಗಿನ ರಕ್ತ. ಡೆಂಗಿ ಇರಬಹುದು, ಅದಕ್ಕಿಂತ ದೊಡ್ಡದೂ ಇರಬಹುದು. ಅಂಥ ಮಗು ಅದೇ ಗಳಿಗೆ ಆಸ್ಪತ್ರೆಯಲ್ಲಿರಬೇಕು.

ಕಾರ್ಯಕರ್ತೆ: ಇನ್ನ ಶಾಲಿ ತೆರೆಯೂ ಹೊತ್ತಿಗೆ ಮೈಮ್ಯಾಲ ಕಲಿ ಉಳಿದಿರತಾವ. ಮಾಸ್ತರು ಮನಿಗೆ ಕಳಸ್ತಾರೇನೋ ಅಂತ ತಾಯಂದ್ರಿಗೆ ಅಂಜಿಕಿ.

ವೈದ್ಯೆ: ಕಲೆ ಅಂಟುವುದಿಲ್ಲ. ನಮ್ಮ ಮೈಬಣ್ಣಕ್ಕೆ ಕೆರೆದ ಜಾಗ ಕಪ್ಪಾಗುವುದು ಸಹಜ, ತಿಂಗಳುಗಳಲ್ಲಿ ತಾನೇ ತಿಳಿಯಾಗುತ್ತದೆ. ಕೆನ್ನೆಯ ಮೇಲೆ ಮಸುಕಾದ ಬಿಳಿ ತೇಪೆ ಕಂಡರೆ ಅದು ಹೊಟ್ಟೆಹುಳುವಿನದೂ ಅಲ್ಲ, ತೊನ್ನೂ ಅಲ್ಲ. ಒಣಚರ್ಮದ್ದು, ಸುತ್ತಲಿನ ಮುಖ ಬಿಸಿಲಿಗೆ ಕಂದಿದಾಗ ಎದ್ದು ಕಾಣುತ್ತದೆ. ಬೆವರುಸಾಲೆ, ಸೊಳ್ಳೆಗುಳ್ಳೆ, ಪಿತ್ತಗಂಧೆ, ಗಿಡದ ತುರಿಕೆ ಇದ್ದ ಮಗು ಅದೇ ದಿನ ಶಾಲೆಗೆ ಹೋಗಬಹುದು. ಕಜ್ಜಿಯಾದರೆ ಮೊದಲ ಸಲ ಮುಲಾಮು ಹಚ್ಚಿ ತೊಳೆದ ಮರುದಿನ. ಸೀತಾಳೆ ಸಿಡುಬಾದರೆ ಕೊನೆಯ ಗುಳ್ಳೆಯೂ ಒಣಗಿ ಹಕ್ಕಳೆ ಕಟ್ಟಿದ ಮೇಲೆ. ಮಾಸ್ತರರಿಗೆ ಅನುಮಾನವಿದ್ದರೆ ಇಷ್ಟನ್ನೇ ಒಂದು ಚೀಟಿಯಲ್ಲಿ ಬರೆದುಕೊಟ್ಟರಾಯಿತು.